ಪಾರೆಗೆ ಬರೆಯದ ಅರ್ಜಿ

ಸೆಬುವಿನ ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ವಕೀಲೆ ಪನೆಸ್ ಓದಿ ಹೇಳುತ್ತಿದ್ದಷ್ಟು ಹೊತ್ತೂ ಮೆರ್ಲಿಂದಾ ತನ್ನ ಗಂಡನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಸೋತಿದ್ದೇವೆ ಅನ್ನುವುದು ಮೊದಲ ಮಾತಿಗೇ ತಿಳಿದುಹೋಗಿತ್ತು. ಯಾಕೆ ಸೋತೆವು ಅನ್ನುವುದು ಈ ಮನುಷ್ಯನ ತಲೆಗೆ ಹೋಗುವ ಗಳಿಗೆಯನ್ನು ಕಣ್ಣಾರೆ ಕಾಣಬೇಕೆಂದು ಅವಳು ಕಾದು ಕೂತಿದ್ದಳು. ಕಾಣಲಿಲ್ಲ. ದಿಯೊನಾರ್ದೊ ಕುರ್ಚಿಯ ಅಂಚಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡು, ಚರ್ಚಿನಲ್ಲಿ ಪ್ರವಚನ ಕೇಳುವವನ ಹಾಗೆ ತಲೆ ತಗ್ಗಿಸಿದ್ದ.

ಹಡಗಿನಲ್ಲಿ ಮುಖ್ಯ ಅಡುಗೆಯವನಾಗಿದ್ದವನು ಅವನು. ಬಿರುಗಾಳಿಗೆ ಹಡಗು ಹೊಯ್ದಾಡುತ್ತಿದ್ದಾಗ ಶೀತಕೋಣೆಯಿಂದ ಮಾಂಸದ ಪೆಟ್ಟಿಗೆ ಹೊತ್ತು ಬರುತ್ತ ಜಾರಿಬಿದ್ದು ಬೆನ್ನು ಮುರಿದುಕೊಂಡ. ಕಂಪನಿ ಅವನನ್ನು ಊರಿಗೆ ಕಳಿಸಿತು. ಕಂಪನಿ ಗೊತ್ತುಮಾಡಿದ ಡಾಕ್ಟರು ಕೆಲವು ತಿಂಗಳು ಸೊಂಟಕ್ಕೆ ಬೆಲ್ಟು ಕಟ್ಟಿಸಿ, ವ್ಯಾಯಾಮ ಮಾಡಿಸಿ, 'ಕೆಲಸಕ್ಕೆ ಯೋಗ್ಯ' ಎಂದು ಬರೆದು ಕೈ ತೊಳೆದುಕೊಂಡರು. ಜಾರೋ ಬಡಾವಣೆಯ ಮೂಳೆ ಡಾಕ್ಟರು ಅದೇ ಬೆನ್ನನ್ನು ನೋಡಿ, ಈತ ಇನ್ನು ಯಾವತ್ತೂ ಹಡಗಿನಲ್ಲಿ ಕೆಲಸ ಮಾಡಲಾರ ಎಂದು ಬರೆದರು. ಇಬ್ಬರು ಡಾಕ್ಟರು ಎರಡು ಮಾತಾಡಿದರೆ ಏನು ಮಾಡಬೇಕೆಂದು ನಾವಿಕರ ಕರಾರಿನಲ್ಲೇ ಇದೆ. ಎರಡೂ ಕಡೆಯವರು ಒಪ್ಪಿ ಮೂರನೆಯ ಡಾಕ್ಟರನ್ನು ಆರಿಸಬೇಕು, ಅವರ ಮಾತೇ ಕೊನೆ. ಆದರೆ ಬಾಯಿಬಿಟ್ಟು ಕೇಳಬೇಕಾದವನು ನಾವಿಕ. ಕೇಳದಿದ್ದರೆ ಕಂಪನಿ ಡಾಕ್ಟರ ಮಾತೇ ನಿಂತು, ಅಂಗವೈಕಲ್ಯದ ಪರಿಹಾರ ಮಣ್ಣುಪಾಲಾಗುತ್ತದೆ.

ದಿಯೊನಾರ್ದೊ ಕೇಳಿದ್ದ. ಬಾಯಿಬಿಟ್ಟೇ ಕೇಳಿದ್ದ. ಅಷ್ಟೇ ಮಾಡಿದ್ದ, ಬರೆದುಕೊಟ್ಟಿರಲಿಲ್ಲ.

"ಕೆಳಗಿನ ಕಾರ್ಮಿಕ ಕಚೇರೀಲಿ ಗೆದ್ರಿ," ಎಂದಳು ಪನೆಸ್. ವಯಸ್ಸು ಚಿಕ್ಕದು, ಮಾತು ಒರಟು. ಓದುತ್ತಲೇ ಕಡಲೇಕಾಯಿ ಸುಲಿದು ತಿನ್ನುವ ಹೆಂಗಸು. "ಯಾಕೆ ಗೆದ್ರಿ? ನೀವು ಕುಂಟ್ಕೊಂಡು ಒಳಗೆ ಬಂದಿದ್ದನ್ನ ಅಲ್ಲಿನ ಅಧಿಕಾರಿ ಕಣ್ಣಾರೆ ನೋಡಿದ್ರು, ನಿಮ್ಮ ಮಾತು ನಂಬಿದ್ರು. ಅದರ ಮೇಲಿನ ಆಯೋಗದೋರೂ ಅದನ್ನೇ ಎತ್ತಿ ಹಿಡಿದ್ರು. ಸೆಬುವಿನಲ್ಲಿ ಮನುಷ್ಯರನ್ನ ಕರೆಸಿ ನೋಡಲ್ಲ, ಕಾಗದ ನೋಡ್ತಾರೆ. ನಿಮ್ಮ ಹತ್ರ ಕಾಗದ ಇಲ್ಲ, ಕಂಪನಿಯೋರ ಹತ್ರ ಇದೆ."

ಅವರ ಹತ್ತಿರ ಇದ್ದದ್ದು ಪೊರ್ಫಿರಿಯೊ ಪಾಲ್ಮಾರೆಸ್ ಕೊಟ್ಟ ಅಫಿಡವಿಟ್. ಸದರಿ ನಾವಿಕನು ಮೂರನೆಯ ವೈದ್ಯರನ್ನು ನನ್ನಲ್ಲಿ ಎಂದೂ ಕೋರಿರುವುದಿಲ್ಲ ಎಂದು ದೇವರ ಮೇಲೆ ಆಣೆಯಿಟ್ಟು ಬರೆದದ್ದು.

ಈ ಪೊರ್ಫಿರಿಯೊ ಇಲೊಯ್ಲೊ ನಗರದಲ್ಲಿ ಹಡಗುಗಳಿಗೆ ಜನ ಸೇರಿಸುವ ಏಜೆನ್ಸಿಯ ಮ್ಯಾನೇಜರು. ಬರೀ ಮ್ಯಾನೇಜರಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಗಳು ಅನಲಿನ್‌ಗೆ ದೀಕ್ಷಾಸ್ನಾನವಾದ ದಿನ ಮಗುವನ್ನು ಎತ್ತಿ ಹಿಡಿದ ಧರ್ಮಪಿತನೂ ಅವನೇ. ಅವತ್ತಿನಿಂದ ಅವನೂ ದಿಯೊನಾರ್ದೊನೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ, ಇಬ್ಬರೂ ಪರಸ್ಪರ 'ಪಾರೆ'. ಅವನ ಹೆಂಡತಿ ಸಾಲ್ವಸ್ಯೋನ್ ಮೆರ್ಲಿಂದಾಗೆ 'ಮಾರೆ'. ನಮ್ಮ ಕಡೆ ಒಡಹುಟ್ಟಿದವರ ಜೊತೆ ಕೋರ್ಟು ಕಚೇರಿ ಹತ್ತಿ ಮತ್ತೆ ಒಂದಾದವರಿದ್ದಾರೆ. ಪಾರೆಯ ಮುಂದೆ ದನಿ ಎತ್ತಿದವನನ್ನು ಮಾತ್ರ ಜನ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾರೆಗೆ ಸಹಿ ಹಾಕಿದ ಕಾಗದ ಕೊಡುವುದಂತೂ ಮುಖಕ್ಕೆ ಉಗಿದ ಹಾಗೆ. ನಿನ್ನ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ ಅಂದಂತಲ್ಲವೇ?

ಎರಡು ವರ್ಷದ ಹಿಂದೆ, ಮೋಲೋ ಬಡಾವಣೆಯಲ್ಲಿ ಸಂತ ಆನಾಳ ಹಬ್ಬದ ದಿನ, ಪೊರ್ಫಿರಿಯೊ ತನ್ನ ಮನೆಯ ಅಡುಗೆಗೆ ದಿಯೊನಾರ್ದೊನನ್ನು ಕರೆಸಿಕೊಂಡಿದ್ದ. ನಿಲ್ಲಲಾಗದ ಮನುಷ್ಯ ಸ್ಟೂಲಿನ ಮೇಲೆ ಕೂತು, ಬೆವರು ಸುರಿಸುತ್ತ, ಬಾಣಲೆ ತುಂಬ ಮಾಂಸ ಬೆರೆಸಿದ ವಲೆನ್ಸಿಯಾನ ಅನ್ನ ಮಾಡಿ ಬಂದ ನೆಂಟರಿಗೆಲ್ಲ ಹೊಟ್ಟೆ ಬಿರಿಯುವಷ್ಟು ಉಣ್ಣಿಸಿದ. ಊಟದ ಮೇಜಿನಲ್ಲಿ, ಮೆರ್ಲಿಂದಾ ಮೊಣಕೈಯಿಂದ ತಿವಿದ ಮೇಲೆ, ಮೂರನೆಯ ಡಾಕ್ಟರ ಮಾತೆತ್ತಿದ. ಅರ್ಜಿ ಬರೆದುಕೊಡಲೇ ಎಂದೂ ಕೇಳಿದ. ಪೊರ್ಫಿರಿಯೊ ಬಿಯರಿನ ಗ್ಲಾಸು ಕೆಳಗಿಟ್ಟು, ಅವನ ಹೆಗಲ ಮೇಲೆ ಕೈ ಹಾಕಿ, "ನಮ್ಮಿಬ್ಬರ ಮಧ್ಯೆ ಕಾಗದ ಯಾಕೆ ಪಾರೆ? ನೀನು ಹೇಳ್ದೆ, ನಾನು ಕೇಳ್ದೆ, ಮುಗೀತು," ಎಂದಿದ್ದ. ಮೆರ್ಲಿಂದಾ ಎದುರಿಗಿದ್ದಳು. ಮೇಕೆ ಮಾಂಸ ಬಡಿಸುತ್ತಿದ್ದ ಸಾಲ್ವಸ್ಯೋನ್ ಪಕ್ಕದಲ್ಲೇ ಇದ್ದಳು. ಮನೆಗೆ ಬಂದು, ಆದರೂ ಬರೆದುಕೊಡು ಎಂದ ಹೆಂಡತಿಗೆ ದಿಯೊನಾರ್ದೊ, ನಿನಗೆ ನಾಚಿಕೆಯಿಲ್ಲವೇ ಎಂದು ಕೇಳಿದ್ದ.

ಆ ಮಾತು ಮೆರ್ಲಿಂದಾಳ ಎದೆಯಲ್ಲಿ ಇನ್ನೂ ಮುಳ್ಳಿನಂತೆ ಚುಚ್ಚುತ್ತಿತ್ತು.

ತೀರ್ಪನ್ನು ಮತ್ತೆ ಪರಿಶೀಲಿಸಿ ಎಂದು ಸೆಬುವಿಗೇ ಅರ್ಜಿ ಹಾಕಲು ಎರಡು ವಾರ ಇದೆ, ಆಮೇಲೆ ಮನಿಲಾದ ಕೊನೆಯ ಕೋರ್ಟಿಗೆ ಹೋಗಬಹುದು, ಆದರೆ ಹೊಸದೇನೂ ಇಲ್ಲದೆ ಹೋದರೆ ಎರಡು ಕಡೆಯೂ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಪನೆಸ್ ವಿವರಿಸಿದಳು. ಹೆಂಡತಿಯ ಸಾಕ್ಷಿ ಯಾವ ಲೆಕ್ಕಕ್ಕೂ ಇಲ್ಲವಂತೆ. ಮನೆಯವರಲ್ಲದ ಒಬ್ಬರು ಬೇಕು. ದಿಯೊನಾರ್ದೊ ಕೇಳಿದ್ದು ನಿಜ ಎಂದು ತಿಳಿದವರು, ಅದನ್ನು ಪ್ರಮಾಣ ಮಾಡಿ ಹೇಳುವವರು.

"ಒಬ್ಬರು ಸಾಕು," ಎಂದಳು. "ಒಂದು ಸಹಿ. ಅಷ್ಟು ತಂದ್ರೆ ನಾನು ಗುದ್ದಾಡ್ತೀನಿ. ಇಲ್ಲಾಂದ್ರೆ ಈ ಫೈಲು ಕಟ್ಟಿ ಮನೆಗೆ ತಗೊಂಡ್ಹೋಗಿ."

ತಮ್ಮೂರು ಓತೋನಿಗೆ ವಾಪಸು ಬರುವ ಜೀಪ್ನಿ ಬಸ್ಸಿನಲ್ಲಿ ಮೆರ್ಲಿಂದಾ ಬಾಯಿ ಕಟ್ಟಿಕೊಂಡಿದ್ದಳು. ಅದು ಜನರಿಗೆ ಹೆದರಿ ಅಲ್ಲ. ಮನೆಗೆ ಹೋಗಿ ಚೆನ್ನಾಗಿ ಬೈಯುವ ಉದ್ದೇಶ ಇತ್ತು. ಓತೋನಿನ ಸಂತೆಕಟ್ಟೆಯಲ್ಲಿ ಒಣಮೀನು ಮಾರುವವಳು ಅವಳು. ಅವಳ ಬಾಯಿಗೆ ಹೆದರಿ ಪಕ್ಕದ ಅಂಗಡಿಯವರು ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದರು. ಮನೆ ಬಾಗಿಲು ಹಾಕಿದ್ದೇ ತಡ, ಶುರು ಮಾಡಿದಳು. ಹೋಗು, ನಿನ್ನ ಪಾರೆಯ ಮನೆಗೆ ಹೋಗಿ, ಬರೆದದ್ದು ಸುಳ್ಳು ಎಂದು ಅವನ ಬಾಯಿಂದಲೇ ಹೇಳಿಸು ಎಂದಳು. ದಿಯೊನಾರ್ದೊ ಗೋಡೆಗೆ ಒರಗಿಕೊಂಡು, ಅವನಿಗೂ ಏನೋ ಕಷ್ಟ ಇದ್ದಿರಬೇಕು, ಮೇಲಿನವರು ಒತ್ತಾಯ ಮಾಡಿರಬೇಕು ಎಂದ. ಅನಲಿನ್‌ನ ಧರ್ಮಪಿತನ ಮೇಲೆ ಸುಳ್ಳಿನ ಆಪಾದನೆ ಹೊರಿಸಿದರೆ ನಾಳೆ ಅವಳ ಮದುವೆಗೆ ಯಾರನ್ನು ಕರೆಯುವುದು ಎಂದೂ ಕೇಳಿದ.

"ಮದುವೆಗಾ?" ಎಂದಳು ಮೆರ್ಲಿಂದಾ. "ಮೊದಲು ನಿನ್ನ ಚಟ್ಟಕ್ಕೆ ಹೆಗಲು ಕೊಡೋರನ್ನ ಹುಡುಕು. ನಿನ್ನ ಪಾರೆಗೆ ಮಾತ್ರ ಹೇಳ್ಬೇಡ. ಇವನು ಸತ್ತಿಲ್ಲ, ಕೆಲಸಕ್ಕೆ ಯೋಗ್ಯ ಅಂತ ಅಫಿಡವಿಟ್ ಕೊಡ್ತಾನೆ."

ಅವನು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದ. ನೋವಿನಲ್ಲಿ ಅವನು ಮಲಗುವ ರೀತಿಯೊಂದಿತ್ತು: ಮೊದಲು ಮೊಣಕಾಲೂರಿ, ಆಮೇಲೆ ಕೈ, ಆಮೇಲೆ ಪಕ್ಕ. ಅದನ್ನು ಕಂಡಾಗಲೆಲ್ಲ ಮೆರ್ಲಿಂದಾಳ ಸಿಟ್ಟು ಇಳಿಯಬೇಕಿತ್ತು. ಇಳಿಯುತ್ತಿರಲಿಲ್ಲ, ಇನ್ನೂ ಏರುತ್ತಿತ್ತು. ಇಷ್ಟು ನರಳುವವನಿಗೆ ನರಳಿಸಿದವನ ಮಾನದ ಚಿಂತೆ ಎಂದರೆ ಯಾರಿಗಾದರೂ ಮೈ ಉರಿಯದೆ ಇರುತ್ತದೆಯೇ?

ಮಾರನೆಯ ದಿನ ಅಂಗಡಿ ಮುಚ್ಚಿ ತಾನೇ ಮೋಲೋಗೆ ಹೋದಳು. ಮಧ್ಯಾಹ್ನದ ಊಟಕ್ಕೆ ಪೊರ್ಫಿರಿಯೊ ಮನೆಗೆ ಬರುತ್ತಾನೆ ಅನ್ನುವುದು ಗೊತ್ತಿತ್ತು. ಸಾಲ್ವಸ್ಯೋನ್ ಬಾಗಿಲು ತೆರೆದು, ಮುಖದ ಬಣ್ಣವೇ ಹಾರಿದವಳಂತೆ ನಿಂತು, ಆಮೇಲೆ ಒಳಗೆ ಬಾ ಮಾರೆ ಎಂದಳು. ಪೊರ್ಫಿರಿಯೊ ಮಾತ್ರ ಮೇಜಿನಿಂದಲೇ ಕೈ ಬೀಸಿ, ತಟ್ಟೆ ಹಾಕು, ಮಾರೆಗೆ ಊಟ ಬಡಿಸು ಎಂದು ಅಬ್ಬರಿಸಿದ. ನಾಚಿಕೆಗೆಟ್ಟವರ ಆದರ ಯಾವಾಗಲೂ ಹೀಗೆ, ಒಂದು ಕೈ ಜಾಸ್ತಿಯೇ ಇರುತ್ತದೆ.

ಅವಳು ಕೂರಲಿಲ್ಲ. ಹಬ್ಬದ ದಿನ ಇದೇ ಮೇಜಿನಲ್ಲಿ ದಿಯೊನಾರ್ದೊ ಏನು ಕೇಳಿದ, ನೀವು ಏನು ಹೇಳಿದಿರಿ, ನೆನಪಿದೆಯೇ ಎಂದಳು. ಹಬ್ಬದ ಗಲಾಟೆಯಲ್ಲಿ ಯಾರು ಏನು ಅಂದರೋ ಎಂದ ಅವನು. ಅಫಿಡವಿಟ್ ತಯಾರಿಸಿದ್ದು ಕಂಪನಿಯ ವಕೀಲರು, ನನ್ನದು ಬರೀ ಸಹಿ ಎಂದ. ನಾನೂ ಸಂಬಳಕ್ಕಿರುವವನು ಎಂದ. ಸಂತೆಯಲ್ಲಿ ಕಷ್ಟ ಆಗುತ್ತಿದ್ದರೆ ಹೇಳಿ, ಒಂದು ಮೂಟೆ ಅಕ್ಕಿ ಕಳಿಸುತ್ತೇನೆ ಎಂದೂ ಸೇರಿಸಿದ.

"ಅಕ್ಕಿ ಬೇಡ ಪಾರೆ," ಎಂದಳು ಮೆರ್ಲಿಂದಾ. "ನಿಜ ಬರೆದು ಒಂದು ಸಹಿ ಹಾಕಿ. ಸುಳ್ಳಿಗೆ ಹಾಕಿದ ಕೈಯೇ ಅಲ್ವಾ, ಅಭ್ಯಾಸ ಇರುತ್ತೆ."

ಅವನ ನಗು ಆರಿತು. ಚಮಚ ಬದಿಗಿಟ್ಟು, ಹಲ್ಲು ಕಚ್ಚಿ ಮೆಲ್ಲಗೆ ಮಾತಾಡಿದ. ದಿಯೊನಾರ್ದೊ ಬಂದು ಕೇಳಿದ್ದರೆ ಅವನ ಮುಖ ನೋಡಿ ಏನಾದರೂ ಮಾಡುತ್ತಿದ್ದೆ. ಹೆಂಡತಿಯನ್ನು ಕಳಿಸಿ ಮೀನು ಮಾರುಕಟ್ಟೆಯ ಬಾಯಿ ಮಾಡಿಸುವವನಿಗೆ ನನ್ನ ಮನೆಯಲ್ಲಿ ಜಾಗವಿಲ್ಲ ಎಂದ. ಗೇಟಿನ ತನಕ ಬಿಟ್ಟು ಬಾ ಎಂದು ಹೆಂಡತಿಗೆ ಹೇಳಿ ಮತ್ತೆ ತಟ್ಟೆಗೆ ಕೈ ಹಾಕಿದ.

ಗೇಟಿನ ಹತ್ತಿರ ಮೆರ್ಲಿಂದಾ ಸಾಲ್ವಸ್ಯೋನಳ ಮಣಿಕಟ್ಟು ಹಿಡಿದಳು. ಮಾಂಸದ ಪಾತ್ರೆ ಹಿಡಿದು ನೀನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳಿಸಿಕೊಂಡೆ, ನೀನಾದರೂ ಸಹಿ ಹಾಕು ಎಂದಳು. ಸಾಲ್ವಸ್ಯೋನ್ ಕೈ ಬಿಡಿಸಿಕೊಂಡು ಮನೆಯ ಕಡೆ ತಿರುಗಿ ನೋಡಿದಳು.

"ನಾನು ಅವರ ಅನ್ನ ತಿಂತೀನಿ ಮಾರೆ, ನನ್ನನ್ನ ಕೇಳ್ಬೇಡ," ಎಂದಳು. "ಆದ್ರೆ ಒಂದು ಮಾತು ಹೇಳ್ತೀನಿ. ಕ್ರಿಸ್ಮಸ್ ದಿನ ಈ ಗೇಟಿನ ಮುಂದೆ ಧರ್ಮಮಕ್ಕಳು ಉಡುಗೊರೆಗೆ ನಿಲ್ತಾರಲ್ಲ, ಸಾಲು ಚರ್ಚಿನ ತನಕ ಹೋಗುತ್ತೆ. ಎಲ್ಲಾ ಅವರು ಹಡಗು ಹತ್ತಿಸಿದೋರ ಮಕ್ಕಳು. ಅಷ್ಟು ಜನರ ಅಪ್ಪಂದಿರಲ್ಲಿ ಒಬ್ಬನೂ ಇವತ್ತಿನ ತನಕ ಅರ್ಜಿ ಬರ್ದಿಲ್ಲ. ಬೇರೆ ಊರಿನ ಮ್ಯಾನೇಜರುಗಳ ಹತ್ರ ರಾಶಿ ರಾಶಿ ಬರುತ್ತಂತೆ, ನನ್ನ ಹತ್ರ ಒಂದೂ ಬರಲ್ಲ, ಅದಕ್ಕೇ ಕಂಪನಿ ನನ್ನನ್ನ ಇಟ್ಕೊಂಡಿದೆ ಅಂತ ಕುಡಿದಾಗ ಹೇಳ್ತಾರೆ."

ಮೆರ್ಲಿಂದಾ ಬಿಸಿಲಲ್ಲಿ ಜೀಪ್ನಿ ನಿಲ್ದಾಣದ ಕಡೆ ನಡೆದಳು. ಮಗಳ ದೀಕ್ಷಾಸ್ನಾನದ ದಿನ ಈ ದೊಡ್ಡ ಮನುಷ್ಯ ತಾನಾಗಿಯೇ ಮುಂದೆ ಬಂದು, ನಾನು ಧರ್ಮಪಿತ ಆಗುತ್ತೇನೆ ಅಂದಾಗ ತಾನು ಎಷ್ಟು ಬೀಗಿದ್ದೆ ಅನ್ನುವುದು ನೆನಪಾಯಿತು. ಆ ಬಿಳಿ ಅಂಗಿ ಹೊಲಿಸಲು ಎಷ್ಟು ಓಡಾಡಿದ್ದಳು! ಬೇಲಿ ಕಟ್ಟುವವನು ಗೂಟ ನೆಡುವ ಹಾಗೆ ಅವನು ಊರಿನ ಮಕ್ಕಳನ್ನೆಲ್ಲ ಎತ್ತಿಕೊಂಡಿದ್ದ.

ಮನೆಗೆ ಬಂದು ಇದೆಲ್ಲವನ್ನೂ ಗಂಡನಿಗೆ ಹೇಳಿದಳು. ಈ ಸಲ ಬೈಯಲಿಲ್ಲ. ಬೈಯುವ ಶಕ್ತಿಯೂ ಉಳಿದಿರಲಿಲ್ಲ. ದಿಯೊನಾರ್ದೊ ಕೇಳುತ್ತಿದ್ದವನು ನಡುವೆ ಒಮ್ಮೆ, ಸಾಲು ಚರ್ಚಿನ ತನಕವಾ ಎಂದು ಮಾತ್ರ ಕೇಳಿದ. ಆಮೇಲೆ ಮಗಳನ್ನು ಕರೆದು ಒಂದು ಬಿಳಿ ಹಾಳೆ ತರಲು ಹೇಳಿದ.

ಅವನು ಬರೆದದ್ದೇನೆಂದು ಓದಿದ ಮೆರ್ಲಿಂದಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರನೆಯ ಡಾಕ್ಟರ ಬಳಿ ಕಳಿಸಿ ಎಂಬ ಅರ್ಜಿ. ಎರಡು ವರ್ಷ ತಡವಾಗಿ. ಪನೆಸ್‌ಗೆ ಫೋನು ಮಾಡಿದರೆ ಅವಳು, ಇದು ಕಾನೂನಿನಲ್ಲಿ ಮೂರು ಕಾಸಿಗೂ ಬಾರದು, ಬೇಡದ ಕೆಲಸ ಮಾಡದೆ ಸಾಕ್ಷಿ ಹುಡುಕಿ ಎಂದು ರೇಗಿ ಫೋನು ಇಟ್ಟಳು. ದಿಯೊನಾರ್ದೊ ತನ್ನ ಹಳೆಯ ಇಸ್ತ್ರಿ ಅಂಗಿ ಹಾಕಿಕೊಂಡು, ಬೆಲ್ಟು ಬಿಗಿದು, ಬೆಳಿಗ್ಗೆ ಮೊದಲ ಜೀಪ್ನಿಗೆ ಹೊರಟ. ಮೆರ್ಲಿಂದಾ ಹಿಂದೆಯೇ ಹತ್ತಿದಳು.

ಏಜೆನ್ಸಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹಾಲ್ ತುಂಬ ಬೆಂಚುಗಳು, ಬೆಂಚು ತುಂಬ ಹಡಗಿಗೆ ಕಾಯುವ ಗಂಡಸರು, ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ. ಹಿಂದೆಲ್ಲ ದಿಯೊನಾರ್ದೊ ಬಂದರೆ ನೇರವಾಗಿ ಒಳಗಿನ ಗಾಜಿನ ಕೋಣೆಗೆ ಹೋಗುತ್ತಿದ್ದ. ಈಗ ಸಾಲಿನ ಕೊನೆಯಲ್ಲಿ ನಿಂತ. ಗೋಡೆಗೆ ಕೈ ಊರಿಕೊಂಡು, ತನ್ನ ಸರದಿ ಬರುವ ತನಕ ನಿಂತೇ ಇದ್ದ. ಕೌಂಟರಿನ ಹುಡುಗಿಗೆ ಅರ್ಜಿಯ ಎರಡು ಪ್ರತಿ ಕೊಟ್ಟು, ಒಂದರ ಮೇಲೆ 'ಸ್ವೀಕರಿಸಿದೆ' ಎಂಬ ಸೀಲು ಹಾಕಿ ವಾಪಸು ಕೊಡಬೇಕೆಂದ. ಹುಡುಗಿ ಓದಿ, ಗಾಬರಿಯಾಗಿ, ಎದ್ದು ಒಳಗೆ ಹೋದಳು.

ಪೊರ್ಫಿರಿಯೊ ಕಾಗದ ಹಿಡಿದುಕೊಂಡೇ ಹೊರಗೆ ಬಂದ. ಮುಖದಲ್ಲಿ ಹಬ್ಬದ ದಿನದ ನಗು.

"ಪಾರೆ, ಇಲ್ಲಿ ಯಾಕೆ ನಿಂತಿದೀಯ? ಬಾ ಒಳಗೆ, ಕಾಫಿ ಕುಡಿ."

"ಬೇಡ ಸರ್," ಎಂದ ದಿಯೊನಾರ್ದೊ. "ಸೀಲು ಹಾಕಿಸಿಕೊಡಿ."

ಬೆಂಚುಗಳ ಮೇಲಿನವರೆಲ್ಲ ಇತ್ತ ತಿರುಗಿದರು. ಪಾರೆಯನ್ನು ಪಾರೆಯೊಬ್ಬ ಸರ್ ಎಂದು ಕರೆಯುವುದನ್ನು ಆ ಹಾಲಿನಲ್ಲಿ ಯಾರೂ ಕೇಳಿರಲಿಲ್ಲ. ಪೊರ್ಫಿರಿಯೊ ಸುತ್ತ ನೋಡಿದ. ಅವನ ಕಿವಿ ಕೆಂಪಾದದ್ದು ಮೆರ್ಲಿಂದಾಗೆ ಬಾಗಿಲಿನಿಂದಲೇ ಕಾಣಿಸಿತು. ಇದರಿಂದ ಕೇಸು ಗೆಲ್ಲುವುದಿಲ್ಲ, ಅವಧಿ ಯಾವಾಗಲೋ ಮುಗಿದಿದೆ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ದಿಯೊನಾರ್ದೊ, ಗೊತ್ತು ಸರ್ ಎಂದ. ಹಾಗಾದರೆ ಯಾಕೆ ಬರೆದೆ ಎಂದು ಅವನು ಹಲ್ಲು ಕಡಿದ.

"ಅವತ್ತು ಬರೆದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಬರೀಲಿಲ್ಲ," ಎಂದ ದಿಯೊನಾರ್ದೊ. ಅವನ ದನಿ ಏರಲಿಲ್ಲ, ಆದರೆ ಕೊನೆಯ ಬೆಂಚಿನ ತನಕ ಕೇಳಿಸಿತು. "ಇವತ್ತು ಆಗಲಿ ಅಂತ ಬರೆದೆ."

ಪೊರ್ಫಿರಿಯೊ ಕಾಗದವನ್ನು ಕೌಂಟರಿನ ಮೇಲೆ ಅಪ್ಪಳಿಸಿದ. ಅಷ್ಟು ಜನರ ಮುಂದೆ ಆ ಮಾತು ಕೇಳಿಸಿಕೊಂಡ ಮೇಲೆ ಅವನಿಗೆ ಕೋರ್ಟೂ ನೆನಪಿರಲಿಲ್ಲ, ಆಣೆಯೂ ನೆನಪಿರಲಿಲ್ಲ; ಮಾನ ಒಂದೇ ನೆನಪಿತ್ತು.

"ನನ್ನ ಮನೆ ಮೇಜಲ್ಲಿ ಕೂತು, ನನ್ನ ಅನ್ನ ತಿಂತಾ ಡಾಕ್ಟರನ್ನ ಕೊಡಿಸು ಅಂತ ಕೇಳಿದೋನು ನೀನು," ಎಂದು ಕೂಗಿದ. "ಕಾಗದ ಬೇಡ ಅಂದೆ, ಪ್ರೀತಿಯಿಂದ ಅಂದೆ. ಅದಕ್ಕೆ ಈಗ ಜನರ ಮುಂದೆ ನನಗೇ ಕಾಗದ ತೋರಿಸ್ತೀಯ?"

ಮೆರ್ಲಿಂದಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಡಾಕ್ಟರನ್ನು ಕೇಳಿದ್ದು ನಿಜ ಎಂದು ಅವನ ಬಾಯಿಂದಲೇ ಬಂದಿತ್ತು. ಹಾಲ್ ತುಂಬ ಜನ ಕೇಳಿಸಿಕೊಂಡಿದ್ದರು. ಅವಳು ಒಂದೊಂದೇ ಮುಖ ನೋಡುತ್ತ ಬಂದಳು. ಒಬ್ಬ ತನ್ನ ಪ್ಲಾಸ್ಟಿಕ್ ಚೀಲದ ಜಿಪ್ಪು ಎಳೆದ. ಒಬ್ಬ ಗೋಡೆಯ ಟಿ.ವಿ. ನೋಡಿದ. ಹಡಗು ಬೇಕಾದವರು, ಕಿವುಡರಾಗಲು ಅವರಿಗೆ ಕ್ಷಣ ಸಾಕು. ನೀವೆಲ್ಲ ಕೇಳಿಸಿಕೊಂಡಿರಿ ತಾನೆ ಎಂದು ಅವಳು ಕೇಳಿಯೂ ಕೇಳಿದಳು. ಯಾರೂ ತಲೆ ಎತ್ತಲಿಲ್ಲ. ಥೂ ಎಂದು ಉಗಿದಳು, ನೆಲಕ್ಕೆ.

ಹುಡುಗಿ ಸೀಲು ಒತ್ತಿ ಪ್ರತಿಯನ್ನು ಕೊಟ್ಟಳು. ದಿಯೊನಾರ್ದೊ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಹುಡುಗಿಗೆ ವಂದನೆ ಹೇಳಿ ಹೊರಟ. ಪೊರ್ಫಿರಿಯೊನ ಕಡೆ ನೋಡಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಅವನು ಎಡಗಾಲು ಚಾಚಿ ಅಲ್ಲೇ ಕೂತ. ಮೇಲಿನಿಂದ ಹೆಜ್ಜೆ ಸಪ್ಪಳವಾಯಿತು. ಬಂದವನು ಹಾಲಿನ ಬೆಂಚಿನ ಮೇಲೆ ಕೂತಿದ್ದ ಗೌದೆನ್ಸಿಯೊ ಎಂಬ ಎಂಜಿನ್ ಕೋಣೆಯ ಕೆಲಸಗಾರ, ದಿಯೊನಾರ್ದೊನ ಜೊತೆ ಒಮ್ಮೆ ಒಂದೇ ಹಡಗಿನಲ್ಲಿದ್ದವನು. ಬಲಗೈಯನ್ನು ಹೊಟ್ಟೆಗೆ ಅವಚಿಕೊಂಡಿದ್ದ. ಅವನ ಭುಜ ಹಡಗಿನಲ್ಲಿ ಮುರಿದದ್ದು, ಕಂಪನಿ ಡಾಕ್ಟರು ಯೋಗ್ಯ ಅಂದದ್ದು, ಮೂರನೆಯ ಡಾಕ್ಟರನ್ನು ಕೇಳಿದರೆ ಮ್ಯಾನೇಜರು ಕಾಗದ ಬೇಡ ಅಂದದ್ದು ಎಲ್ಲವನ್ನೂ ಅವನು ಮೆಟ್ಟಿಲ ಮೇಲೆ ನಿಂತೇ ಹೇಳಿದ. ತನ್ನ ಮಗನಿಗೂ ಪೊರ್ಫಿರಿಯೊನೇ ಧರ್ಮಪಿತ ಎಂದ. ನನಗೆ ಇನ್ನೂ ಅವಧಿ ಇದೆ, ಹೇಗೆ ಬರೆಯುವುದೆಂದು ಹೇಳಿಕೊಡಿ ಎಂದ.

"ನಿಮ್ಮ ಹಾಗೆ ಬಾಯಿಮುಚ್ಕೊಂಡು ಕೂರೋರಿಗೆ ಯಾಕಪ್ಪ ಹೇಳಿಕೊಡ್ಬೇಕು?" ಎಂದಳು ಮೆರ್ಲಿಂದಾ.

ದಿಯೊನಾರ್ದೊ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ಜೇಬಿನಿಂದ ಪೆನ್ನು ತೆಗೆದ. "ಮೊದಲು ತಾರೀಖು ಹಾಕು," ಎಂದ. "ಆಮೇಲೆ ಸರ್ ಅಂತ ಬರಿ. ಪಾರೆ ಅಂತ ಮಾತ್ರ ಎಲ್ಲೂ ಬರೀಬೇಡ."

ಗೌದೆನ್ಸಿಯೊ ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಲಗೈಗೆ ಎಡಗೈ ಆಸರೆ ಕೊಟ್ಟು ಬರೆದ. ಆ ಪದಗಳನ್ನು ಮೊದಲ ಸಲ ಬರೆಯುವುದು ಎಷ್ಟು ಕಷ್ಟವೆಂದು ದಿಯೊನಾರ್ದೊನಿಗೆ ಗೊತ್ತಿತ್ತು, ಅವಸರ ಮಾಡಲಿಲ್ಲ. ಎರಡು ಪ್ರತಿ ಬರೆದು ಮುಗಿಸಿದ ಮೇಲೆ ಗೌದೆನ್ಸಿಯೊ ಎದ್ದು ನಿಂತು ಮೆರ್ಲಿಂದಾಳನ್ನು ನೋಡಿದ.

"ಇದಕ್ಕೆ ಸೀಲು ಬಿದ್ದ ಮೇಲೆ ಅವರು ನನ್ನನ್ನ ಯಾವ ಹಡಗಿಗೂ ಹತ್ತಿಸಲ್ಲ," ಎಂದ. "ಆಮೇಲೆ ನನಗೆ ಯಾರ ಭಯ? ಇಲ್ಲೇ ಇರಿ, ನಿಮ್ಮ ವಕೀಲರ ಹತ್ರ ಹೋಗೋಣ. ಮ್ಯಾನೇಜರು ಆಗ ಏನಂತ ಕೂಗಿದ್ರು ಅಂತ ನಾನು ಕೇಳಿಸ್ಕೊಂಡಿದೀನಿ, ಸಹಿ ಹಾಕ್ತೀನಿ."

ಅವನು ಮೇಲೆ ಹೋದ. ಮೆರ್ಲಿಂದಾ ಗಂಡನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಸೀಲು ಬಿದ್ದ ಸದ್ದು ಕೇಳಿಸಿತು, ಅದರ ಹಿಂದೆಯೇ ಪಾರೆ, ಪಾರೆ ಎಂದು ಪೊರ್ಫಿರಿಯೊ ಕೂಗುವುದು ಕೇಳಿಸಿತು. ಓಗೊಡುವ ದನಿ ಮಾತ್ರ ಎಲ್ಲಿಂದಲೂ ಬರಲಿಲ್ಲ.